ಫ್ಲೋರೈಡ್ ಹಟ್ಟಿಗೆ ಮರಳಿದವರು: ನನ್ನ ಅನುಭವ

ಚಳ್ಳಕೆರೆ ತಾಲ್ಲೂಕಿನ ಒಂದು ಹಟ್ಟಿಯಲ್ಲಿ ನನ್ನದು ಕುಡಿಯುವ ನೀರಿನ ಕೆಲಸ. ಮಳೆ ಕೈಕೊಟ್ಟು, ಬೋರ್ ಆಳಕ್ಕಿಳಿದಂತೆ ನೀರಲ್ಲಿ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ಏರಿ, ಅರ್ಧ ಹಟ್ಟಿ ಚಿಕ್ಕಮಗಳೂರಿನ ಕಾಫಿ ತೋಟಕ್ಕೂ ಬೆಂಗಳೂರಿನ ಗಾರೆ ಕೆಲಸಕ್ಕೂ ಗುಳೆ ಹೋಗಿತ್ತು. 2020ರ ಲಾಕ್‌ಡೌನ್‌ನಲ್ಲಿ ಬಂದವರಲ್ಲಿ ಎಷ್ಟೋ ಮಂದಿ ಮತ್ತೆ ಹೋಗಲಿಲ್ಲ. ಶುದ್ಧ ನೀರಿನ ಘಟಕ ಕೂರಿಸಿದರೆ ಮುಗಿಯಿತು ಅನ್ನುವುದು ಕಚೇರಿಯ ಲೆಕ್ಕ. ಕೂರಿಸುವುದೇ ಇದರಲ್ಲಿ ಸುಲಭದ ಕೆಲಸ.

ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಬೋರಿಗೆಲ್ಲ ಕೆಂಪು ಬಣ್ಣ ಬಳಿದು ಬೋರ್ಡ್ ಹಾಕೋಣ ಎಂಬ ಮಾತು ಸಭೆಯಲ್ಲಿ ಬಂತು. ಹಿರಿಯರೊಬ್ಬರು ಎದ್ದರು: "ಹಂಗೆ ಬರೆಸಿಬಿಟ್ರೆ ನಮ್ಮ ಹುಡುಗ್ರಿಗೆ ಹೆಣ್ಣು ಕೊಡೋರು ಯಾರು ತಾಯಿ?" ಅವರ ಅಂಜಿಕೆ ಸುಳ್ಳಲ್ಲ. ಹಲ್ಲಿನ ಕಂದು ಗೆರೆ ನೋಡಿಯೇ ಮುರಿದ ಸಂಬಂಧಗಳಿವೆ. ಇಲ್ಲಿನ ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದೇ ನಗುತ್ತಾರೆ. ಹಲ್ಲು ರೂಪುಗೊಳ್ಳುವ ಎಳೆ ವಯಸ್ಸಿನಲ್ಲಿ ಕುಡಿದ ನೀರಿನ ಕಲೆ ಅದು, ತಿಕ್ಕಿದರೆ ಹೋಗುವುದಿಲ್ಲ. ತೋಟದಲ್ಲಿ ಬೆಳೆದ ಮಕ್ಕಳದು ಬಿಳಿ ಹಲ್ಲು. "ನೀವು ಹೊಂಟೋದ್ರಿ, ನಾವು ಇದನ್ನೇ ಕುಡ್ಕೊಂಡು ಬಿದ್ದಿದ್ವಿ" ಎಂಬ ಮಾತು ಅಲ್ಲಿಂದಲೇ ಹುಟ್ಟಿದ್ದು. ಘಟಕ ಯಾವ ಬೀದಿಗೆ ಅನ್ನುವ ಜಗಳದ ಬೇರೂ ಅದೇ.

ಕೊನೆಗೆ ಕೆಂಪು ಬಣ್ಣ ಬಿಟ್ಟೆವು. ಬೋರಿನ ತೊಟ್ಟಿಗೆ 'ಬಳಸುವ ನೀರು', ಘಟಕದ ನಲ್ಲಿಗೆ 'ಕುಡಿಯಲು, ಅಡುಗೆಗೆ' ಎಂದು ನೀಲಿಯಲ್ಲಿ ಬರೆಸಿದೆವು. ಮೇಲಿನವರಿಗೆ ಹಿಡಿಸಲಿಲ್ಲ. ನನಗೆ ಈಗಲೂ ಇದೇ ಸರಿ.

ನೀರಿನ ಪರೀಕ್ಷೆಯನ್ನು ಸ್ತ್ರೀಶಕ್ತಿ ಸಂಘದವರ ಕೈಗೇ ಕೊಟ್ಟೆ. ಕಟ್ಟೆ ಮೇಲೆ ಕಿಟ್ ಇಟ್ಟು, ತಂತಮ್ಮ ಮನೆ ಕೊಡದ ನೀರಿಗೆ ಹನಿ ಬಿಟ್ಟರು. ಗುಲಾಬಿ ಬಣ್ಣ ಹಳದಿಗೆ ತಿರುಗಿದಷ್ಟೂ ಫ್ಲೋರೈಡ್ ಹೆಚ್ಚು. ಪೆಸಿಫಿಕ್ ಸಾಗರದ ಮಾರ್ಷಲ್ ದ್ವೀಪಗಳ ರೊಂಗೆಲಾಪ್ ಜನರ ಕತೆ ನನ್ನ ತಲೆಯಲ್ಲಿತ್ತು. ಅಮೆರಿಕದ 1954ರ ಹೈಡ್ರೋಜನ್ ಬಾಂಬ್ ಪರೀಕ್ಷೆಯ ವಿಕಿರಣದ ಬೂದಿ ಬಿದ್ದು ಊರು ಬಿಟ್ಟವರನ್ನು, ಇನ್ನೇನೂ ಭಯವಿಲ್ಲವೆಂದು ಅಮೆರಿಕ 1957ರಲ್ಲಿ ವಾಪಸ್ ಕಳಿಸಿತು. ಕಾಯಿಲೆ ಕಂಡು ಕಂಡು 1985ರಲ್ಲಿ ಅವರು ತಾವಾಗಿಯೇ ದ್ವೀಪ ಬಿಟ್ಟರು. ನಮ್ಮ ಹಟ್ಟಿಯ ಕಷ್ಟ ಅಷ್ಟು ದೊಡ್ಡದಲ್ಲ. ಆದರೂ 'ನೀರು ಸರಿಯಿದೆ' ಅನ್ನುವ ಮಾತು ಹೊರಗಿನವರ ಬಾಯಿಂದ ಬರಬಾರದು ಅಂತ ನನ್ನ ಹಟ.

ಇಷ್ಟಾದರೂ ಘಟಕದ ಐದು ರೂಪಾಯಿಯ ಕ್ಯಾನು ಮೊದಮೊದಲು ಬರೀ ನೆಂಟರಿಗೆ ಮೀಸಲಾಗಿತ್ತು. ಮುದ್ದೆಗೂ ಅನ್ನಕ್ಕೂ ಬೋರ್ ನೀರೇ. ಕುದಿಸಿದರೆ ಫ್ಲೋರೈಡ್ ಹೋಗದು, ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತದೆ ಎಂದು ಹೇಳಿ ಹೇಳಿ ಬಾಯಿ ನೋಯಿತು. ಕೆಲಸ ಮಾಡಿದ್ದು ತೊಗರಿಬೇಳೆ. ಗಡಸು ಬೋರ್ ನೀರಲ್ಲಿ ಬೇಯದೆ ಸತಾಯಿಸುವ ಬೇಳೆ ಫಿಲ್ಟರ್ ನೀರಲ್ಲಿ ಬೇಗ ಒಡೆಯುತ್ತದೆ ಎಂದು ಸೊಸೆಯೊಬ್ಬಳು ಕಂಡುಕೊಂಡಳು. ಸೌದೆ ಉಳಿಯುವ ಸುದ್ದಿ ಮನೆಮನೆಗೆ ಮುಟ್ಟಿತು, ಮೂಳೆ ಕೆಡುವ ಸುದ್ದಿಗಿಂತ ಬೇಗ.

ಘಟಕಕ್ಕೆ ಎರಡು ಬೀಗ: ಒಂದರ ಕೀ ಹಟ್ಟಿಯಲ್ಲೇ ಉಳಿದವರ ಕಡೆ, ಇನ್ನೊಂದರದು ಗುಳೆಯಿಂದ ಬಂದವರ ಕಡೆ. ಬೆಳಗ್ಗೆ ಇಬ್ಬರೂ ಬಂದರೇ ನೀರು. ಈಗಿರುವ ತಕರಾರು ಘಟಕ ಹೊರಹಾಕುವ ನೀರಿನದು. ತೆಗೆದ ಫ್ಲೋರೈಡೆಲ್ಲ ಅದರಲ್ಲೇ ಇರುತ್ತದೆ, ಹರಿಯುವುದು ಬಂದವರ ಶೆಡ್ಡುಗಳ ಹಿಂದೆ. ಅಲ್ಲಿ ದನ ಬಾಯಿ ಹಾಕುತ್ತವೆ. ಚರಂಡಿ ತಿರುಗಿಸಲು ಉಳಿದವರು ಜಾಗ ಬಿಡುತ್ತಿಲ್ಲ. ಬರುವ ಸಭೆಯಲ್ಲಿ ಮೊದಲ ಮಾತು ಅದೇ.