ಸುಮಿತ್ರಾ ಹಡಗಿನ ಹೊಟ್ಟೆಯಲ್ಲಿ ನಾನು ಮಾಡಿದ ಕೆಲಸ

ನಾನು ವೆಲ್ಡರ್. ಊರು ಗದಗ ಕಡೆ. ಹುಬ್ಬಳ್ಳಿಯಲ್ಲಿ ಐಟಿಐ ಮುಗಿಸಿ, ನಮ್ಮೂರಿನ ಎಷ್ಟೋ ಜನರ ಹಾಗೆ ನಾನೂ ವಾಸ್ಕೊ ರೈಲು ಹತ್ತಿದೆ. ಗೋವಾ ಶಿಪ್‌ಯಾರ್ಡ್‌ನಲ್ಲಿ ಗುತ್ತಿಗೆ ಕೆಲಸ ಸಿಕ್ಕಿತು. ಆಗ ಅಲ್ಲಿ ನೌಕಾಪಡೆಗೆ ನಾಲ್ಕು ಗಸ್ತು ಹಡಗುಗಳ ಕೆಲಸ ನಡೆದಿತ್ತು. ಸರಯು, ಸುನಯನಾ, ಸುಮೇಧಾ, ಸುಮಿತ್ರಾ. ಒಂದೊಂದೂ 105 ಮೀಟರ್ ಉದ್ದ, ಹತ್ತಿರ ಹತ್ತಿರ 2,200 ಟನ್. ವಿನ್ಯಾಸವೂ ಅಲ್ಲಿನದೇ.

ಹಡಗು ಕಟ್ಟುವುದು ಅಂದರೆ ಜನರ ಕಣ್ಣಿಗೆ ಬರುವುದು ಮುಂದಿನ 76 ಮಿಮೀ ತೋಪು, ಹಿಂದಿನ ಹೆಲಿಕಾಪ್ಟರ್ ಕಟ್ಟೆ. ನನಗೆ ಸಿಕ್ಕಿದ್ದು ಸುಮಿತ್ರಾದ ತಳದ ಟ್ಯಾಂಕುಗಳು. ಎಣ್ಣೆ ತುಂಬುವ ಟ್ಯಾಂಕು. ಯಾರೂ ಇಷ್ಟಪಟ್ಟು ಹೋಗದ ಜಾಗ ಅದು. ಮೊಟ್ಟೆಯಾಕಾರದ ಮ್ಯಾನ್‌ಹೋಲ್‌ನಲ್ಲಿ ಮೊದಲು ಕಾಲು ಇಳಿಬಿಟ್ಟು, ಆಮೇಲೆ ಒಂದು ಭುಜ, ಆಮೇಲೆ ಇನ್ನೊಂದು ಭುಜ ತೂರಿಸಬೇಕು. ಒಳಗೆ ನಿಲ್ಲುವುದಕ್ಕೆ ಆಗುವುದಿಲ್ಲ. ಮೊಣಕಾಲ ಮೇಲೆ ತೆವಳುತ್ತಾ ಒಂದು ಖಾನೆಯಿಂದ ಇನ್ನೊಂದಕ್ಕೆ ಹೋಗಬೇಕು. ಗಾಳಿಗೆ ಬ್ಲೋವರ್ ಪೈಪು, ಬೆಳಕಿಗೆ 24 ವೋಲ್ಟಿನ ದೀಪ. ಮೇಲೆ ಒಬ್ಬ ಕಾವಲುಗಾರ ನಮ್ಮ ಹೆಸರು ಬರೆದುಕೊಂಡು ಕೂತಿರುತ್ತಾನೆ. ಆಗಾಗ ತಗಡಿಗೆ ಸುತ್ತಿಗೆಯಲ್ಲಿ ಬಡಿಯುತ್ತಾನೆ, ನಾವು ಒಳಗಿನಿಂದ ತಿರುಗಿ ಬಡಿಯಬೇಕು. ಮೇ ತಿಂಗಳಲ್ಲಂತೂ ಬೆವರು ಗಾಜಿನ ಒಳಗೇ ಇಳಿದು ಬೆಸುಗೆಯೇ ಕಾಣುತ್ತಿರಲಿಲ್ಲ.

ಇಂಥ ಹಡಗಿನ ತಗಡು ತೆಳ್ಳಗಿರುತ್ತದೆ. ಒಂದೇ ಕಡೆಯಿಂದ ಬೆಸೆಯುತ್ತಾ ಹೋದರೆ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಅದಕ್ಕೇ ನಡುವಿನಿಂದ ಶುರು ಮಾಡಿ, ಸ್ವಲ್ಪ ಇಲ್ಲಿ ಸ್ವಲ್ಪ ಅಲ್ಲಿ ಅಂತ ಬಿಟ್ಟು ಬಿಟ್ಟು ಬೆಸೆಯಬೇಕು. ಬೆಸುಗೆಗೆ ಕರಗಿಸುವ ರಾಡನ್ನು ಓವನ್‌ನಲ್ಲಿ ಕಾಯಿಸಿ ಬಿಸಿ ಇರುವಾಗಲೇ ಬಳಸಬೇಕು. ವಾಸ್ಕೊ ಅಂದರೆ ಸಮುದ್ರದ ಗಾಳಿ, ತೇವ ಜಾಸ್ತಿ. ತೇವ ಹಿಡಿದ ರಾಡ್‌ನಿಂದ ಬೆಸೆದರೆ ಒಳಗೆ ಗುಳ್ಳೆ ಖಂಡಿತ.

ನಮ್ಮ ಜೊತೆ ವಯಸ್ಸಾದ ಫಿಟ್ಟರ್ ಒಬ್ಬರಿದ್ದರು, ಬೆಳಗಾವಿ ಕಡೆಯವರು. ಎಲ್ಲರೂ ಕಾಕಾ ಅಂತಲೇ ಕರೆಯುತ್ತಿದ್ದೆವು. ಮೊದಲ ದಿನವೇ ಹೇಳಿದ್ದರು, "ತಮ್ಮಾ, ಮೂಲಿಗೆ ಬಂದಾಗ ರಾಡ್ ಎತ್ತಬ್ಯಾಡ. ಹಂಗ ತಿರುಗಿಸಿಕೊಂಡು ಆ ಕಡೆ ಹೋಗು."

ನಾನು ಎತ್ತಿದೆ. ಎರಡು ಗೋಡೆ ಮತ್ತು ತಳ ಸೇರುವ ಮೂಲೆಯಲ್ಲಿ ಕೈ ಸರಿಯಾಗಿ ಹೋಗುತ್ತಿರಲಿಲ್ಲ. ಅಲ್ಲಿ ನಿಲ್ಲಿಸಿ, ಮೈ ತಿರುಗಿಸಿ, ಮತ್ತೆ ಹಚ್ಚಿದೆ. ನೋಡಲು ಚೆನ್ನಾಗಿಯೇ ಇತ್ತು. ಆಮೇಲೆ ಬೆಸುಗೆ ಸೋರುತ್ತದಾ ಅಂತ ನೋಡುವ ಪರೀಕ್ಷೆ ಬಂತು. ಆ ಪರೀಕ್ಷೆ ಬಹಳ ಸರಳ. ಗೋಡೆಯ ಒಂದು ಕಡೆ ಬೆಸುಗೆಯ ಮೇಲೆ ಸುಣ್ಣ ಬಳಿದು ಒಣಗಿಸುತ್ತಾರೆ. ಇನ್ನೊಂದು ಕಡೆ ಸೀಮೆಎಣ್ಣೆ ಹಚ್ಚುತ್ತಾರೆ. ಆಮೇಲೆ ಸುಮ್ನೆ ಕಾಯುವುದು. ಸ್ವಲ್ಪ ಹೊತ್ತಿಗೆ ಆ ಮೂಲೆಯ ಬಿಳಿ ಸುಣ್ಣದಲ್ಲಿ ಸಾಸಿವೆ ಕಾಳಿನಷ್ಟು ಒಂದು ಕಪ್ಪು ಚುಕ್ಕೆ ಕಾಣಿಸಿತು. ನೋಡುತ್ತಿದ್ದ ಹಾಗೇ ಉದ್ದಿನ ಕಾಳಿನಷ್ಟಾಯಿತು. ನನ್ನ ಎದೆ ಧಸಕ್ ಅಂದಿತು.

ಮೇಲೊಂದು ಚುಕ್ಕೆ ಬೆಸುಗೆ ಹಾಕಿ ಮುಚ್ಚುವ ಹಾಗಿಲ್ಲ. ಮೊದಲು ಸೀಮೆಎಣ್ಣೆ ಪೂರ್ತಿ ಒರೆಸಿ, ಗಾಳಿ ಬಿಟ್ಟು, ಗ್ಯಾಸ್ ಇಲ್ಲ ಅಂತ ಮೀಟರ್‌ನಲ್ಲಿ ನೋಡಿ, ಆಮೇಲೆ ಗ್ರೈಂಡರ್ ಹಿಡಿದು ಹಳೆಯ ಬೆಸುಗೆಯನ್ನು ಬುಡಸಮೇತ ತೆಗೆಯಬೇಕು. ಒಂದು ದಿನ ಪೂರ್ತಿ ಹೋಯಿತು. ಈ ಸಲ ಎಡಮಗ್ಗುಲಾಗಿ ಮಲಗಿ, ಎಡಗೈಯಲ್ಲಿ ರಾಡ್ ಸಿಕ್ಕಿಸುವ ಹೋಲ್ಡರ್ ಹಿಡಿದು, ಎತ್ತದೆ ಮೂಲೆ ತಿರುಗಿಸಿದೆ. ಮತ್ತೆ ಸುಣ್ಣ, ಮತ್ತೆ ಸೀಮೆಎಣ್ಣೆ. ಬಿಳುಪು ಬಿಳುಪಾಗಿಯೇ ಉಳಿಯಿತು. ಕಾಕಾ ಏನೂ ಹೇಳಲಿಲ್ಲ, ಬೆನ್ನು ಒಮ್ಮೆ ತಟ್ಟಿ ಹೋದರು.

2014ರ ಸೆಪ್ಟೆಂಬರ್ 4ರಂದು ಚೆನ್ನೈನಲ್ಲಿ ಸುಮಿತ್ರಾ ನೌಕಾಪಡೆ ಸೇರಿತು. ಅಷ್ಟರಲ್ಲಿ ನಾನು ಬೇರೆ ಕೆಲಸಕ್ಕೆ ಹೋಗಿದ್ದೆ. ಅದರ ಹೆಸರು ಮತ್ತೆ ಕೇಳಿದ್ದು ಆರೇಳು ತಿಂಗಳ ಮೇಲೆ, ಟಿವಿಯಲ್ಲಿ. ಯೆಮೆನ್‌ನಲ್ಲಿ ಯುದ್ಧ. ಅಲ್ಲಿನ ಬಂದರು ಊರು ಏಡನ್‌ನಲ್ಲಿ ನಮ್ಮ ಜನ ಸಿಕ್ಕಿಹಾಕಿಕೊಂಡಿದ್ದರು, ವಿಮಾನ ಇಳಿಯುವ ಹಾಗಿರಲಿಲ್ಲ. ಕಡಲ್ಗಳ್ಳರ ಮೇಲೆ ಕಣ್ಣಿಡಲು ಆ ಕಡೆಯೇ ಗಸ್ತಿನಲ್ಲಿದ್ದ ಸುಮಿತ್ರಾಗೆ ಹೋಗಲು ಹೇಳಿದರು. ಮಾರ್ಚ್ 31ರಂದು ಅದು ಬಂದರಿನೊಳಗೆ ಹೋಗಿ 349 ಜನರನ್ನು ಹತ್ತಿಸಿಕೊಂಡು ಆಚೆ ದಡದ ಆಫ್ರಿಕಾದ ಜಿಬೂತಿಗೆ ತಲುಪಿಸಿತು. ಅವರಲ್ಲಿ 101 ಹೆಂಗಸರು, 28 ಮಕ್ಕಳು.

ಆ ಹಡಗಿನಲ್ಲಿ ಇರುವುದು ಸುಮಾರು 116 ಜನರಿಗೆ ಜಾಗ. ಟಿವಿ ಮುಂದೆ ಕೂತು ಮನಸ್ಸಿನಲ್ಲೇ ಒಳಗೆಲ್ಲ ಓಡಾಡಿದೆ. ಊಟದ ಕೋಣೆಯಲ್ಲಿ ಎಷ್ಟು ಜನ ಕೂರಬಹುದು, ಆ ಸಣ್ಣ ಓಣಿಯಲ್ಲಿ ಎಷ್ಟು ಮಕ್ಕಳು ಮಲಗಬಹುದು, ಹೆಲಿಕಾಪ್ಟರ್ ಶೆಡ್‌ನಲ್ಲಿ ಎಷ್ಟು, ಕುಡಿಯುವ ನೀರು ಸಾಕಾಗುತ್ತದಾ. ಆಮೇಲೆ ಟ್ಯಾಂಕುಗಳ ನೆನಪಾಯಿತು. ಈ ಹಡಗು 16 ನಾಟ್ ವೇಗದಲ್ಲಿ, ಅಂದರೆ ಗಂಟೆಗೆ 16 ನಾಟಿಕಲ್ (ಸಮುದ್ರದ) ಮೈಲಿಯಂತೆ ಹೋದರೆ 6,000 ನಾಟಿಕಲ್ ಮೈಲಿವರೆಗೆ ಮತ್ತೆ ಎಣ್ಣೆ ತುಂಬಿಸುವ ಅಗತ್ಯ ಇಲ್ಲ. ಮುಂಬೈನಿಂದ ಏಡನ್‌ಗೆ ಸುಮಾರು 1,650. ಹೋಗಿ ಬಂದರೂ ಇನ್ನೂ ಉಳಿದಿರುತ್ತದೆ. ಗಸ್ತು ಹಡಗಿನ ನಿಜವಾದ ಶಕ್ತಿ ತೋಪಿನಲ್ಲಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಮನೆಯಿಂದ ಅಷ್ಟು ದೂರದಲ್ಲಿ ವಾರಗಟ್ಟಲೆ ಸುಮ್ಮನೆ ತಿರುಗುತ್ತಾ ಇರಬಲ್ಲದು, ಹಾಗಾಗಿ ಕರೆ ಬಂದಾಗ ಹತ್ತಿರದಲ್ಲಿರುತ್ತದೆ. ಅದು ಸಾಧ್ಯವಾಗುವುದು ತಳದಲ್ಲಿರುವ ಆ ಕತ್ತಲೆ ಖಾನೆಗಳಿಂದ.

2023ರ ಏಪ್ರಿಲ್‌ನಲ್ಲಿ ಸುಡಾನ್ ಗಲಾಟೆ. ನಮ್ಮ ಹಕ್ಕಿಪಿಕ್ಕಿ ಜನ ಅಲ್ಲಿ ಸಿಕ್ಕಿಹಾಕಿಕೊಂಡ ಸುದ್ದಿ ಪತ್ರಿಕೆಗಳ ತುಂಬಾ ಇತ್ತು. ಪೋರ್ಟ್ ಸುಡಾನ್‌ನಿಂದ ಮೊದಲ ತಂಡದ 278 ಜನರನ್ನು ಸೌದಿಯ ಜೆಡ್ಡಾಗೆ ಕರೆತಂದಿದ್ದು ಸುಮೇಧಾ. ಅದರಲ್ಲೂ ನಾನು ಮೂರು ಟ್ಯಾಂಕು ಬೆಸೆದಿದ್ದೆ. 2024ರ ಜನವರಿಯಲ್ಲಿ ಮತ್ತೆ ಸುಮಿತ್ರಾ. ಎರಡೇ ದಿನದೊಳಗೆ ಎರಡು ಮೀನು ದೋಣಿಗಳನ್ನು ಕಡಲ್ಗಳ್ಳರ ಕೈಯಿಂದ ಬಿಡಿಸಿತು. ಒಂದರಲ್ಲಿ 17 ಇರಾನಿನವರು, ಇನ್ನೊಂದರಲ್ಲಿ 19 ಪಾಕಿಸ್ತಾನದವರು. ಆ ಸುದ್ದಿಯನ್ನು ಅವ್ವನಿಗೆ ಫೋನಿನಲ್ಲಿ ಓದಿ ಹೇಳಿದೆ. "ಅವರ ಮನ್ಯಾಗೂ ಅವ್ವಂದಿರು ಕಾಯ್ತಿದ್ದರಲ್ಲೋ" ಅಂದಳು.

ಈಗ ನನ್ನ ಕೈಕೆಳಗೆ ಹೊಸ ಹುಡುಗರಿದ್ದಾರೆ. ನೇರ ಗೆರೆ ಎಲ್ಲರೂ ಚೆನ್ನಾಗಿ ಎಳೆಯುತ್ತಾರೆ. ನಾನು ಮೊದಲ ವಾರ ಅವರಿಂದ ಬರೀ ಮೂಲೆಗಳನ್ನೇ ಬೆಸೆಸುತ್ತೇನೆ. ಸುಣ್ಣವನ್ನೂ ಅವರೇ ಬಳಿಯಬೇಕು, ಸೀಮೆಎಣ್ಣೆಯನ್ನೂ ಅವರೇ ಹಚ್ಚಬೇಕು, ಪಕ್ಕದಲ್ಲಿ ಕೂತು ಅವರೇ ನೋಡಬೇಕು.