ಸಣ್ಣ ಪಿಂಗ್ ಹೋಗುತ್ತದೆ, ದೊಡ್ಡದು ಹೋಗುವುದಿಲ್ಲ

ಪೀಣ್ಯದ ಒಂದು ಕಾರ್ಖಾನೆಯ ಸರ್ವರ್ ರೂಮು ನೋಡಿಕೊಳ್ಳುವುದು ನನ್ನ ಕೆಲಸ. ಎರಡು ಲಿನಕ್ಸ್ ಹೋಸ್ಟ್, ಒಂದು ಸ್ಟೋರೇಜ್, ನಡುವೆ ಐಸ್ಕಸಿಗೆ (iSCSI, ಸ್ಟೋರೇಜಿನ ಡಿಸ್ಕನ್ನು ನೆಟ್‌ವರ್ಕ್ ಮೂಲಕ ಹೋಸ್ಟಿಗೆ ಕೊಡುವ ವಿಧಾನ) ಅಂತಲೇ ಎರಡು ಸ್ವಿಚ್. ಒಂದು ಸೋಮವಾರ ಬೆಳಿಗ್ಗೆ ಅಕೌಂಟ್ಸ್‌ನಿಂದ ಫೋನ್ ಬಂತು: "ಸಾರ್, ಬಿಲ್ ಸೇವ್ ಕೊಟ್ರೆ ಸುತ್ತುತ್ತಾನೇ ಇದೆ."

ನಾನು ನೋಡುವಷ್ಟರಲ್ಲಿ ತಾನೇ ಸರಿಹೋಗಿತ್ತು. ಹತ್ತು ನಿಮಿಷಕ್ಕೆ ಮತ್ತೆ ನಿಂತಿತು. ಮಧ್ಯಾಹ್ನದ ಹೊತ್ತಿಗೆ ಹೋಸ್ಟ್ ಒಳಗೆ ಓಡುವ ಒಂದು ವಿಎಂನ (ವರ್ಚುವಲ್ ಮೆಷಿನ್) ಫೈಲ್ ಸಿಸ್ಟಮ್ ರೀಡ್-ಓನ್ಲಿ ಆಗಿ ಕೂತಿತ್ತು, ಓದಬಹುದು, ಬರೆಯೋಕಾಗಲ್ಲ.

ಮೊದಲು ಬೈದಿದ್ದು ಸ್ಟೋರೇಜನ್ನು. ಪಾಪ, ಅದರ ಡಿಸ್ಕ್‌ಗಳೆಲ್ಲ ಹಸಿರು. ಒಂದೊಂದು ಸ್ವಿಚ್ಚಿನ ಮೂಲಕ ಸ್ಟೋರೇಜಿಗೆ ಒಂದೊಂದು ದಾರಿ, ಅವೆರಡನ್ನೂ ನೋಡಿಕೊಳ್ಳುವುದು ಹೋಸ್ಟಿನ ಮಲ್ಟಿಪಾತ್. ಅದನ್ನು ನೋಡಿದರೆ ಎರಡೂ ದಾರಿ ಆಕ್ಟಿವ್. ಆದರೆ ಲಾಗ್ ತೆರೆದಾಗ ಬೇರೆಯೇ ಕತೆ. ಎರಡನೇ ಸ್ವಿಚ್ಚಿನ ದಾರಿ ಫೇಲ್ ಆಗುತ್ತದೆ, ಕೆಲವು ಸೆಕೆಂಡಿಗೆ ವಾಪಸ್ ಬರುತ್ತದೆ, ಮತ್ತೆ ಫೇಲ್. ಸಾಲು ಸಾಲು ಇದೇ.

ಆ ದಾರಿಯ ಸ್ಟೋರೇಜ್ ಐಪಿಗೆ ಪಿಂಗ್ ಮಾಡಿದೆ, ಅಂದರೆ ಉತ್ತರ ಬರುತ್ತದಾ ಅಂತ ಒಂದು ಸಣ್ಣ ಪ್ಯಾಕೆಟ್ ಕಳಿಸಿ ನೋಡಿದೆ. ಸಲೀಸಾಗಿ ಹೋಯಿತು. ಆಮೇಲೆ ಪ್ಯಾಕೆಟ್ ಒಡೆಯಬೇಡ ಅನ್ನುವ ಆಪ್ಷನ್ ಹಾಕಿ, ಸೈಜ್ 8972 ಕೊಟ್ಟೆ. ಒಂದೂ ಉತ್ತರ ಇಲ್ಲ. 1472ಕ್ಕೆ ಇಳಿಸಿದೆ, ಬಂತು. ಎಂಟಿಯು ಅಂದರೆ ಒಂದು ಸಲಕ್ಕೆ ಕಳಿಸಬಹುದಾದ ಪ್ಯಾಕೆಟ್ಟಿನ ಗರಿಷ್ಠ ಸೈಜ್. ಅದು 9000 ಇದ್ದರೆ ಅದರಲ್ಲಿ ಐಪಿ ಹೆಡರ್‌ಗೆ 20 ಬೈಟ್, ಪಿಂಗ್ ಬಳಸುವ ಐಸಿಎಂಪಿಯ ಹೆಡರ್‌ಗೆ 8 ಹೋಗಿ ಉಳಿಯುವುದು 8972. ಹೋಸ್ಟ್ ಮತ್ತು ಸ್ಟೋರೇಜ್ ಎರಡರಲ್ಲೂ 9000 ಇದೆ. ನಡುವಿನ ಸ್ವಿಚ್ಚು ಮಾತ್ರ 1500ಕ್ಕೆ ಇಳಿದಿದೆ. ಪೋರ್ಟ್ ಕೌಂಟರ್‌ನಲ್ಲಿ 'ಜೈಂಟ್ಸ್' (ಮಿತಿಗಿಂತ ದೊಡ್ಡ ಫ್ರೇಮ್‌ಗಳು) ಅನ್ನುವ ಅಂಕಿ ಏರುತ್ತಲೇ ಇತ್ತು.

ನಾನೇ ಸ್ವಿಚ್ಚಿನಲ್ಲಿ ಜಂಬೋ ಫ್ರೇಮ್, ಅಂದರೆ 1500ಕ್ಕಿಂತ ದೊಡ್ಡ ಫ್ರೇಮ್‌ಗೆ ಅವಕಾಶ, ಆನ್ ಮಾಡಿದ್ದು ಚೆನ್ನಾಗಿ ನೆನಪಿದೆ. ಆದರೆ ಅವತ್ತು ಎರಡನೇ ಸ್ವಿಚ್ಚಿನಲ್ಲಿ ಕಾನ್ಫಿಗ್ ಸೇವ್ ಮಾಡಿರಲಿಲ್ಲ. ತಿಂಗಳುಗಟ್ಟಲೆ ಚೆನ್ನಾಗೇ ಓಡಿತು. ಭಾನುವಾರ ಅದರ ಯುಪಿಎಸ್ ಕೈಕೊಟ್ಟು ಸ್ವಿಚ್ ರೀಬೂಟ್ ಆಗಿದೆ, ಹಳೇ ಸೆಟ್ಟಿಂಗ್‌ನಲ್ಲೇ ಎದ್ದಿದೆ. ತಪ್ಪು ನನ್ನದೇ.

ಇದರಲ್ಲಿ ಮೋಸ ಎಲ್ಲಿದೆ ಅಂದರೆ, ಐಸ್ಕಸಿ ಲಾಗಿನ್ ಸಣ್ಣ ಪ್ಯಾಕೆಟ್ಟಿನ ಕೆಲಸ, ಅದು ಆಗಿಬಿಡುತ್ತದೆ. ಮಲ್ಟಿಪಾತ್ "ಇದ್ದೀಯಾ?" ಅಂತ ಕೇಳುವುದೂ ಸಣ್ಣ ಪ್ಯಾಕೆಟ್ಟಿನಲ್ಲೇ. ಉತ್ತರ ಬರುತ್ತದೆ, ದಾರಿ ಸರಿಯಿದೆ ಅಂತ ನಂಬಿ ಡೇಟಾ ಕಳಿಸುತ್ತದೆ, ದೊಡ್ಡ ಫ್ರೇಮನ್ನು ಸ್ವಿಚ್ ಸದ್ದಿಲ್ಲದೆ ಎಸೆಯುತ್ತದೆ. ದಾರಿ ಪೂರ್ತಿ ಸತ್ತಿದ್ದರೆ ಇಷ್ಟು ತೊಂದರೆ ಇರಲಿಲ್ಲ, ಎಲ್ಲ ಟ್ರಾಫಿಕ್ಕೂ ಇನ್ನೊಂದು ಕಡೆ ಹೋಗುತ್ತಿತ್ತು.

ಹೇಗೂ ಕೈ ಹಾಕಿದ್ದೇನೆ ಅಂತ ಆ ವಾರ ಎರಡೂ ಸ್ವಿಚ್ಚನ್ನು ಮೊದಲಿಂದ ನೋಡಿದೆ. ಎಂಟಿಯು 9216, ಹೋಸ್ಟ್‌ಗಿಂತ ಜಾಸ್ತಿ ಇದ್ದರೆ ತೊಂದರೆಯಿಲ್ಲ. ಒಂದೊಂದು ಸ್ವಿಚ್ಚಿಗೂ ಬೇರೆ ವಿಲ್ಯಾನ್ (VLAN), ಬೇರೆ ಸಬ್‌ನೆಟ್, ಅಂದರೆ ಎರಡೂ ಬೇರೆ ಬೇರೆ ನೆಟ್‌ವರ್ಕ್. ಯಾರೋ ಎರಡರ ನಡುವೆ ಎಳೆದಿದ್ದ ಕೇಬಲ್ ಕಿತ್ತುಹಾಕಿದೆ, ಒಂದರ ತಲೆನೋವು ಇನ್ನೊಂದಕ್ಕೆ ಯಾಕೆ? ಹಲವು ಲಿಂಕ್‌ಗಳನ್ನು ಒಂದಾಗಿ ಕಟ್ಟುವ ಎಲ್‌ಎಸಿಪಿ ಹಾಕಲಿಲ್ಲ. ಒಂದು ಟಿಸಿಪಿ ಕನೆಕ್ಷನ್ ಹೇಗೂ ಒಂದೇ ಲಿಂಕಿನಲ್ಲಿ ಹೋಗುತ್ತದೆ, ಹಂಚುವ ಕೆಲಸ ಮಲ್ಟಿಪಾತ್‌ನದು.

ಹೋಸ್ಟ್, ಸ್ಟೋರೇಜ್ ಪೋರ್ಟ್‌ಗಳನ್ನು ಎಡ್ಜ್ ಪೋರ್ಟ್ ಮಾಡಿದೆ, ಅಂದರೆ ಆ ಕಡೆ ಇನ್ನೊಂದು ಸ್ವಿಚ್ ಇಲ್ಲ, ಕಾಯಬೇಡ ಅಂತ ಹೇಳಿದೆ. ಇಲ್ಲದಿದ್ದರೆ ಹಳೇ ಸ್ಪ್ಯಾನಿಂಗ್ ಟ್ರೀಯಲ್ಲಿ (ಸ್ವಿಚ್‌ಗಳ ನಡುವೆ ಲೂಪ್ ಆಗದಂತೆ ತಡೆಯುವ ವ್ಯವಸ್ಥೆ) ಲಿಂಕ್ ಬಂದ ಮೇಲೂ 15 ಮತ್ತು 15, ಒಟ್ಟು 30 ಸೆಕೆಂಡ್ ಪೋರ್ಟ್ ಸುಮ್ನೆ ಕೂತಿರುತ್ತದೆ. ಲೈಟ್ ಹೊಳೆಯುತ್ತದೆ, ಡೇಟಾ ಹೋಗಲ್ಲ. ಫ್ಲೋ ಕಂಟ್ರೋಲ್, ಅಂದರೆ ಕಳಿಸುವವರಿಗೆ ಸ್ವಲ್ಪ ನಿಲ್ಲು ಅಂತ ಹೇಳುವ ವ್ಯವಸ್ಥೆ, ಬೇಕಾ ಬೇಡವಾ ಅಂತ ಜಗಳ ಇದ್ದೇ ಇದೆ. ನನ್ನ ಸ್ಟೋರೇಜ್ 10 ಗಿಗಾಬಿಟ್, ಹೋಸ್ಟ್ 1 ಗಿಗಾಬಿಟ್. ಸಣ್ಣ ಬಫರಿನ ಸ್ವಿಚ್ ತುಂಬಿ ಪ್ಯಾಕೆಟ್ ಚೆಲ್ಲುವುದಕ್ಕಿಂತ "ಸ್ವಲ್ಪ ತಡಿ" ಅನ್ನುವುದೇ ವಾಸಿ ಅಂತ ಐಸ್ಕಸಿ ಪೋರ್ಟ್‌ಗಳಲ್ಲೆಲ್ಲ ಆನ್ ಇಟ್ಟೆ. ಬೇರೆ ಟ್ರಾಫಿಕ್ ಕೂಡ ಓಡುವ ಸ್ವಿಚ್ ಆಗಿದ್ದರೆ ನಾನೂ ಯೋಚಿಸುತ್ತಿದ್ದೆ.

ಆಮೇಲೆ ಸೇವ್. ಎರಡೂ ಕಡೆ, ಎರಡೆರಡು ಸಲ.

ಮುಂದಿನ ಭಾನುವಾರ ಕಾರ್ಖಾನೆ ಖಾಲಿ ಇದ್ದಾಗ ಒಂದು ವಿಎಂನಲ್ಲಿ ದೊಡ್ಡ ಫೈಲ್ ಕಾಪಿಗೆ ಹಾಕಿ, ಎರಡನೇ ಸ್ವಿಚ್ಚಿನ ಪವರ್ ಕಿತ್ತೆ. ಕಾಪಿ ಕೆಲವು ಸೆಕೆಂಡ್ ನಿಂತು, ಮತ್ತೆ ಓಡಿತು. ಪವರ್ ಕೊಟ್ಟೆ. ಸ್ವಿಚ್ ಎದ್ದು ಬರುವಷ್ಟರಲ್ಲಿ ಸೆಕ್ಯುರಿಟಿ ಅಣ್ಣ ಟೀ ತಂದುಕೊಟ್ಟರು. ಕುಡಿಯುವ ಮುಂಚೆ 8972 ಹಾಕಿ ಪಿಂಗ್ ಮಾಡಿದೆ. ಉತ್ತರ ಬಂತು.