ಹೊಸ ಕೀಲಿ ಹುಟ್ಟಿದ ದಿನವೇ ವಾಲೆಟ್ ಬ್ಯಾಕಪ್: ನನ್ನ ಅನುಭವ

ಕಳೆದ ಮೂರು ವರ್ಷಗಳಲ್ಲಿ ನನ್ನ ಬಿಟ್‌ಕಾಯಿನ್ ವಾಲೆಟ್‌ಗಳನ್ನು (ಹಣ ತೆಗೆಯಲು ಬೇಕಾದ ಗುಪ್ತ ಕೀಲಿಗಳನ್ನು ಹಿಡಿದಿಡುವ ತಂತ್ರಾಂಶ) ನಾನು ಕೈಯಾರೆ ಬ್ಯಾಕಪ್ ಮಾಡಿದ್ದು ಹೆಚ್ಚೆಂದರೆ ಏಳು ಬಾರಿ. ವಾರಕ್ಕೊಮ್ಮೆ ತಪ್ಪದೆ ನಕಲು ತೆಗೆಯುವ ಗೆಳೆಯರು ಇದನ್ನು ಅಜಾಗರೂಕತೆ ಎಂದೇ ಹೇಳುತ್ತ ಬಂದರು. ಈಚೆಗೆ ಲ್ಯಾಪ್‌ಟಾಪ್‌ನ ಡಿಸ್ಕ್ ಪೂರ್ತಿ ಕೈಕೊಟ್ಟಾಗ, ಒಂದು ಮಧ್ಯಾಹ್ನದೊಳಗೆ ಬಿಟ್‌ಕಾಯಿನ್‌ನ ಅತಿ ಸಣ್ಣ ಘಟಕವಾದ ಸತೋಶಿ ಒಂದೂ ಕಡಿಮೆಯಾಗದಂತೆ ಎಲ್ಲವೂ ಮರಳಿದ್ದರಿಂದ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ. ಹಳೆಯ ಬ್ಯಾಕಪ್‌ನಿಂದ ಮತ್ತೆ ಹುಟ್ಟಿಸಲಾಗದ ಯಾವುದೇ ಸಂಗತಿ ವಾಲೆಟ್‌ಗೆ ಸೇರಿದ ದಿನವೇ, ಅದಕ್ಕೆ ಹಣ ಬರುವ ಮೊದಲೇ, ಹೊಸ ಬ್ಯಾಕಪ್ ಆಗಬೇಕು ಎಂಬುದಷ್ಟೇ ನನ್ನ ಲೆಕ್ಕ.

ಈ ಲೆಕ್ಕ ಕಲಿಯಲು ನಾನು ತೆತ್ತ ಬೆಲೆ ಸಣ್ಣದಲ್ಲ. 2014ರಲ್ಲಿ ಬಿಟ್‌ಕಾಯಿನ್ ಕೋರ್ ಎಂಬ ತಂತ್ರಾಂಶದ ವಾಲೆಟ್ ಮುಂದಿನ 100 ಕೀಲಿಗಳನ್ನಷ್ಟೇ ಮುಂಚಿತವಾಗಿ ಸೃಷ್ಟಿಸಿಟ್ಟುಕೊಳ್ಳುತ್ತಿತ್ತು ಮತ್ತು ಪ್ರತಿ ಪಾವತಿಯಲ್ಲಿ ಉಳಿದು ನನಗೇ ಮರಳುವ ಚಿಲ್ಲರೆ ಹೊಸದೊಂದು ಕೀಲಿಗೆ ಹೋಗುತ್ತಿತ್ತು. ಐದು ತಿಂಗಳ ಹಿಂದಿನ ನಕಲನ್ನು ನಂಬಿ ಕುಳಿತಿದ್ದ ನಾನು ಅಷ್ಟರಲ್ಲಿ ನೂರಮೂವತ್ತರಷ್ಟು ಸಣ್ಣ ಪಾವತಿಗಳನ್ನು ಮಾಡಿದ್ದೆ. ಡಿಸ್ಕ್ ಕೆಟ್ಟು ನಕಲನ್ನು ತೆರೆದಾಗ, ಸುಮಾರು 1.2 ಬಿಟ್‌ಕಾಯಿನ್ ಇರಬೇಕಾದಲ್ಲಿ 0.3ರಷ್ಟು ಮಾತ್ರ ಕಂಡಿತು. ಉಳಿದ ಚಿಲ್ಲರೆ ಬ್ಲಾಕ್‌ಚೈನ್ ಎಂಬ ಸಾರ್ವಜನಿಕ ದಾಖಲೆಯಲ್ಲಿ ಇಂದಿಗೂ ನನ್ನ ಕಣ್ಣಿಗೆ ಬೀಳುತ್ತದೆ. ತೆಗೆಯುವ ಕೀಲಿ ನನ್ನಲ್ಲಿಲ್ಲ. ಮರುವರ್ಷ ವಾಲೆಟ್‌ಗೆ ಪಾಸ್‌ವರ್ಡ್ ಹಾಕಿ ಹಳೆಯ ನಕಲನ್ನೇ ಇಟ್ಟುಕೊಂಡು ಮತ್ತೊಮ್ಮೆ ಎಡವಿದೆ, ಏಕೆಂದರೆ ಪಾಸ್‌ವರ್ಡ್ ಹಾಕಿದೊಡನೆ ಕೋರ್ ಬಳಸದ ಕೀಲಿಗಳನ್ನು ಬಿಟ್ಟು ಹೊಸವನ್ನು ಹುಟ್ಟಿಸುತ್ತದೆ.

ವಾಲೆಟ್‌ನ ಕೀಲಿಗಳನ್ನು ಮತ್ತೆ ಹುಟ್ಟಿಸಬಲ್ಲ ಸೀಡ್ ಪದಗಳು ಬಂದ ಮೇಲೆ ಒಮ್ಮೆ ಬರೆದಿಟ್ಟರೆ ಮುಗಿಯಿತು ಎಂಬ ಮಾತು ಬಹುಮಟ್ಟಿಗೆ ನಿಜ. ಆದರೆ ಹೊರಗಿನಿಂದ ಸೇರಿಸಿದ ಖಾಸಗಿ ಕೀಲಿ, ಹೊಸ ಪಾಸ್‌ಫ್ರೇಸ್ (ಸೀಡ್‌ಗೆ ಸೇರಿಸುವ ಗುಪ್ತ ಪದಗುಚ್ಛ), ರೂಢಿಯಲ್ಲಿಲ್ಲದ ಡೆರಿವೇಷನ್ ಪಾತ್ (ಸೀಡ್‌ನಿಂದ ಕೀಲಿಗಳು ಹುಟ್ಟುವ ದಾರಿ) ಇವು ಯಾವುವೂ ಆ ಪದಗಳಲ್ಲಿ ಇರುವುದಿಲ್ಲ. ಮೂರು ಕೀಲಿಗಳಲ್ಲಿ ಎರಡರ ಸಹಿ ಬೇಕಾಗುವ ಮಲ್ಟಿಸಿಗ್ ವಾಲೆಟ್‌ನಲ್ಲಿ ಎರಡು ಸೀಡ್‌ಗಳು ಕೈಯಲ್ಲಿದ್ದೂ, ಮೂರನೆಯದರ ಎಕ್ಸ್‌ಪಬ್ (ವಿಳಾಸಗಳನ್ನು ಕಟ್ಟಲು ಬೇಕಾದ ಸಾರ್ವಜನಿಕ ಕೀಲಿ) ಸಿಗದೆ ನಾನು ಹನ್ನೊಂದು ದಿನ ಪರದಾಡಿದ್ದೇನೆ. ಅಂದಿನಿಂದ ಪ್ರತಿ ಸೀಡ್‌ನ ಜೊತೆಯಲ್ಲೂ ವಾಲೆಟ್‌ನ ರಚನೆಯನ್ನು ವಿವರಿಸುವ ಪೂರ್ಣ ಡಿಸ್ಕ್ರಿಪ್ಟರ್‌ನ ಪ್ರತಿ ಇರುತ್ತದೆ. ವಹಿವಾಟುಗಳಿಗೆ ಬರೆದುಕೊಂಡ ಲೇಬಲ್‌ಗಳನ್ನು ತಿಂಗಳಿಗೊಮ್ಮೆ ನಕಲಿಸಿದರೆ ಸಾಕು, ಹೋದರೆ ಲೆಕ್ಕಪತ್ರ ಮಾತ್ರ ಹೋಗುತ್ತದೆ.

ಬಿಟ್‌ಕಾಯಿನ್ ಮೇಲೆ ನಡೆಯುವ ವೇಗದ ಪಾವತಿ ಜಾಲವಾದ ಲೈಟ್ನಿಂಗ್‌ನ ನೋಡ್ (ಜಾಲಕ್ಕೆ ಸೇರಿದ ಯಂತ್ರ) ವಿಷಯವೇ ಬೇರೆ. ಅಲ್ಲಿ ಚಾನೆಲ್‌ನ (ಇಬ್ಬರು ಹಣ ಕಟ್ಟಿಟ್ಟು ತೆರೆಯುವ ಪಾವತಿ ದಾರಿ) ಹಳೆಯ ಡೇಟಾಬೇಸ್ ಮರಳಿ ಹಾಕಿ ಹಳೆಯ ಸ್ಥಿತಿಯನ್ನು ಪ್ರಕಟಿಸಿದರೆ, ಎದುರಿನವರು ದಂಡವೆಂದು ಚಾನೆಲ್‌ನ ಪೂರ್ತಿ ಹಣವನ್ನೇ ಎಳೆದುಕೊಳ್ಳಬಹುದು. ವಾರದ ನಕಲು ಅಲ್ಲಿ ಅಪಾಯಕಾರಿ. ಚಾನೆಲ್ ಮುಚ್ಚಿಸಿ ಹಣ ಮರಳಿ ಪಡೆಯಲು ಬೇಕಾದ ವಿವರವಿರುವ ಸ್ಟ್ಯಾಟಿಕ್ ಚಾನೆಲ್ ಬ್ಯಾಕಪ್ ಕಡತವನ್ನಷ್ಟೇ, ಹೊಸ ಚಾನೆಲ್ ತೆರೆದೊಡನೆ ಬೇರೆ ಯಂತ್ರಕ್ಕೆ ಕಳಿಸಬೇಕು. ಒಮ್ಮೆ ಮರೆತಿದ್ದಕ್ಕೆ ಇಪ್ಪತ್ತು ಲಕ್ಷ ಸತೋಶಿಗಳಷ್ಟು ಹಣ, ಎದುರಿನ ನೋಡ್ ತಾನಾಗಿ ಚಾನೆಲ್ ಮುಚ್ಚುವವರೆಗೆ, ಹೆಚ್ಚುಕಡಿಮೆ ಎರಡು ತಿಂಗಳು ಸಿಕ್ಕಿಹಾಕಿಕೊಂಡಿತ್ತು. ಈಗ ಆ ಕೆಲಸವನ್ನು ಸಣ್ಣ ಸ್ಕ್ರಿಪ್ಟ್ ಒಂದು ತಪ್ಪದೆ ಮಾಡುತ್ತದೆ.

ನಡುವೆ ಕಾಗದ ಮತ್ತು ಉಕ್ಕಿನ ಹೋಲಿಕೆಯನ್ನೂ ನಡೆಸಿದೆ. ಸೀಡ್ ಪದಗಳ ಮಾನದಂಡವಾದ ಬಿಐಪಿ 39ರ 2048 ಪದಗಳಲ್ಲಿ ಯಾವುದನ್ನಾದರೂ ಮೊದಲ ನಾಲ್ಕು ಅಕ್ಷರಗಳಿಂದಲೇ ಗುರುತಿಸಬಹುದಾದ್ದರಿಂದ ಅಷ್ಟನ್ನೇ ತುಕ್ಕುಹಿಡಿಯದ ಉಕ್ಕಿನ ಹಲಗೆಗೆ ಒತ್ತಿಸಿ, ಅರ್ಧ ಗಂಟೆ ಗ್ಯಾಸ್ ಉರಿಯಲ್ಲಿಟ್ಟೆ. ಬಣ್ಣ ಕಪ್ಪಾಯಿತು, ಅಕ್ಷರಗಳು ಉಳಿದವು. ಲ್ಯಾಮಿನೇಟ್ ಮಾಡಿದ ಕಾಗದ ಒಂದೆರಡು ನಿಮಿಷವೂ ಬಾಳಲಿಲ್ಲ. ಪಾಸ್‌ಫ್ರೇಸನ್ನು ಎಲ್ಲಿ, ಯಾವ ರೂಪದಲ್ಲಿ ಇಟ್ಟಿದ್ದೇನೆ ಎಂಬುದನ್ನು ಮಾತ್ರ ನಾನು ಯಾರಿಗೂ ಹೇಳುವುದಿಲ್ಲ.

ಪ್ರತಿ ಬ್ಯಾಕಪ್‌ನ ನಂತರ ಸಾಧನವನ್ನು ಅಳಿಸಿ, ಬರೆದಿಟ್ಟದ್ದರಿಂದಲೇ ಮರಳಿ ಕಟ್ಟಿ, ಮೊದಲ ವಿಳಾಸವನ್ನು ಹೋಲಿಸುತ್ತೇನೆ. ಹಾಗೆ ಮಾಡಿದ್ದರಿಂದಲೇ ಒಮ್ಮೆ 24 ಪದಗಳಲ್ಲಿ ಎರಡು ಅದಲುಬದಲಾಗಿದ್ದು ಚೆಕ್‌ಸಮ್‌ನಲ್ಲಿ (ಪದಗಳಲ್ಲೇ ಅಡಗಿರುವ ತಪ್ಪು ಪತ್ತೆಯ ಲೆಕ್ಕ) ಸಿಕ್ಕಿಬಿತ್ತು. ಪಾಸ್‌ಫ್ರೇಸ್ ತಪ್ಪಿದ್ದರೆ ಯಾವ ಎಚ್ಚರಿಕೆಯೂ ಇಲ್ಲದೆ ಖಾಲಿ ವಾಲೆಟ್ ಒಂದು ತೆರೆದುಕೊಳ್ಳುತ್ತಿತ್ತು, ಆದ್ದರಿಂದ ವಿಳಾಸ ಹೊಂದುವವರೆಗೆ ನಾನು ಅದಕ್ಕೆ ಹಣ ಹಾಕುವುದಿಲ್ಲ.